ದೆವ್ವದ ಬಂಗ್ಲೆಯ ಡಾಕ್ಟರು ಮತ್ತು ಇಂಜಿನಿಯರು

ಈ ಸಲ ಹೇಳುದು ಒಂದೊಂದು ಅಕ್ಷರವೂ ನಿಜ. ದೇವರ ಪಟ ಮುಟ್ಟಿಯೇ ಆಣೆ ಹಾಕ್ತಿದ್ದೆ, ಆದರೆ ಮಂಡಿನೋವಿಗೆ ಏಳ್ಲಿಕ್ಕೆ ಆಗುದಿಲ್ಲ. ಅದಕ್ಕೆ ಕುರ್ಚಿಯಲ್ಲಿ ಕೂತೇ ಪಟದ ಕಡೆ ಕೈ ತೋರಿಸಿದ್ದೇನೆ. ಇಂಥ ಫಜೀತಿಗಳು ಬೇರೆ ಯಾರಿಗೂ ಆಗುದಿಲ್ಲ, ಹುಡುಕ್ಕೊಂಡು ನನ್ನ ಹತ್ತಿರವೇ ಬರ್ತವೆ. ಹೇಳಿದ್ರೆ ಯಾರೂ ನಂಬುದಿಲ್ಲ. ನಂಬಿಸಿ ನಂಬಿಸಿ ನನಗೂ ಸಾಕಾಗಿ ಹೋಗಿದೆ.

ಈಗ ಎದುರಿಗೆ ಮೊಮ್ಮಗಳು ಕೂತಿದ್ದಾಳೆ, ಫೋನನ್ನು ರೆಕಾರ್ಡಿಂಗಿಗೆ ಇಟ್ಟುಕೊಂಡು. ಬಾಂದ್ರಾದ ಕಾಲೇಜಲ್ಲಿ ಸಿನೆಮಾದ ಬಗ್ಗೆ ಓದ್ತಾಳೆ. ಒಂದು ಹಳೇ ಹಿಂದಿ ದೆವ್ವದ ಪಿಕ್ಚರ್ ಮೇಲೆ ಪ್ರಾಜೆಕ್ಟ್ ಮಾಡಿದ್ದಾಳೆ. ಅದರಲ್ಲಿ ಒಬ್ಬ ಇಂಜಿನಿಯರು ಪಾಳು ಬಂಗ್ಲೆಗೆ ಬಂದು ದೆವ್ವದ ಕೈಗೆ ಸಿಕ್ಕಿಬೀಳ್ತಾನೆ. ಅವನ ದೋಸ್ತ್ ಒಬ್ಬ ಡಾಕ್ಟರು, ಬಿಡಿಸ್ಲಿಕ್ಕೆ ಬರ್ತಾನೆ. ಇವಳು ಹೇಳುದು, ಅವರಿಬ್ಬರು ಬರೀ ದೋಸ್ತರಲ್ಲ, ಒಬ್ಬರ ಮೇಲೊಬ್ಬರಿಗೆ ಪ್ರೀತಿ ಇತ್ತು ಅಂತ. ಇವಳ ಸರ್ ಹೇಳುದು, ಅದೆಲ್ಲ ನಿನ್ನ ಕಲ್ಪನೆ, ಪಿಕ್ಚರಲ್ಲಿ ಎಲ್ಲುಂಟು ತೋರಿಸು ಅಂತ. ಅದಕ್ಕೆ ಪುರಾವೆ ಇದ್ದದ್ದು ಮೆಟ್ಟಿಲ ಮೇಲಿನ ಒಂದು ಸೀನಲ್ಲಿ. ಆ ಸೀನು ಈಗ ಸಿಗುವ ಯಾವ ಕಾಪಿಯಲ್ಲೂ ಇಲ್ಲ. ಅದನ್ನು ಕಣ್ಣಾರೆ ನೋಡಿದವ ಅಂತ ಅವಳಿಗೆ ಸಿಕ್ಕಿದ್ದು ನಾನೊಬ್ಬ. ಪ್ರಾಜೆಕ್ಟ್ ನಾಳೆಯೇ ಕೊಡ್ಬೇಕು.

"ಅಜ್ಜ, ಸರ್ ಪೂರಾ ರೆಕಾರ್ಡಿಂಗ್ ಕೇಳ್ತಾರೆ. ಒಂದೇ ಒಂದು ಸುಳ್ಳು ಸಿಕ್ಕಿದ್ರೂ ಖತಂ, ಎಲ್ಲ ಡಿಲೀಟ್ ಮಾಡ್ಬೇಕಾಗ್ತದೆ. ಪ್ಲೀಸ್."

"ನಾನು ಯಾವಾಗ ಸುಳ್ಳು ಹೇಳಿದ್ದು?" ಅಂತ ಕೇಳಿದೆ.

ಅಡಿಗೆಮನೆಯಲ್ಲಿ ನನ್ನ ಹೆಂಡತಿ ಕೆಮ್ಮಿದಳು. ಅವಳಿಗೆ ಕೆಮ್ಮಿನ ಕಾಯಿಲೆ ಇಲ್ಲ.

ಸೇಟಿನ ಕೈ

ಆಗ ಮುಂಬಯಿಯ ಸಯನ್ನಿನ ಒಂದು ಟಾಕೀಸಲ್ಲಿ ನಾನು ಡೋರ್‌ಕೀಪರ್. ಟಿಕೆಟ್ ಹರಿಯುದು, ಟಾರ್ಚ್ ಬಿಟ್ಟು ಸೀಟು ತೋರಿಸುದು. ಆದಿತ್ಯವಾರ ಬೆಳಗಿನ ಶೋಗೆ ಹಳೇ ಬ್ಲ್ಯಾಕ್ ಅಂಡ್ ವೈಟ್ ಪಿಕ್ಚರ್ ಹಾಕ್ತಿದ್ರು. ಈ ಪಿಕ್ಚರನ್ನು ನಾನು ಇನ್ನೂರು ಸಲ ನೋಡಿದ್ದೇನೆ.

ಮೊಮ್ಮಗಳು ನನ್ನ ಮುಖ ನೋಡಿದಳು.

"ಎಪ್ಪತ್ತು," ಅಂದೆ.

ಇನ್ನೂ ನೋಡ್ತಾ ಇದ್ದಳು.

"ಹದಿನೇಳು. ಬರ್ಕೋ. ಇದರ ಕೆಳಗೆ ಇಳಿಯುದಿಲ್ಲ."

ಒಂದು ಆದಿತ್ಯವಾರ ದೆವ್ವ ಕಿಟಕಿಯಲ್ಲಿ ಬಂದ ಕೂಡ್ಲೇ, ಬಾಗಿಲ ಹತ್ತಿರದ ಸೀಟಲ್ಲಿದ್ದ ಒಬ್ಬ ದಪ್ಪ ಸೇಟು ಗಬಕ್ಕಂತ ನನ್ನ ಕೈ ಹಿಡ್ಕೊಂಡ. ಬಿಡುದೇ ಇಲ್ಲ ಮಾರಾಯ್ತಿ. ಹೊರಗೆ ಜನ ಬಾಗಿಲು ಬಡೀತಿದ್ದಾರೆ, ಒಳಗೆ ಮೂರು ಜನ ಸೀಟು ಸಿಗದೆ ಕತ್ತಲಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದಾರೆ, ನಾನು ಮದುಮಗಳ ಹಾಗೆ ಕೈ ಕೊಟ್ಟು ನಿಂತಿದ್ದೇನೆ. ಇಂಟರ್ವಲ್ಲಿಗೆ ಲೈಟು ಬಂದಾಗ ಕೈ ಬಿಟ್ಟು ಹೇಳ್ತಾನೆ, "ನೀವು ತುಂಬಾ ಹೆದರಿದ್ರಿ, ಅದಕ್ಕೆ ಹಿಡ್ಕೊಂಡೆ."

"ಅಜ್ಜ, ಇದು ನನಗೇ ಉಲ್ಟಾ ಹೊಡೀತದೆ," ಅಂದಳು ಮೊಮ್ಮಗಳು. "ಹೆದರಿಕೆಗೆ ಕೈ ಹಿಡಿದವರೆಲ್ಲ ಲವರ್ಸ್ ಅಲ್ಲ ಅಂತ ಸರ್ ಹೇಳ್ತಾರೆ."

"ಹೇಳ್ಲಿ. ಸೇಟು ಇಂಟರ್ವಲ್ಲಿಗೆ ಬಿಟ್ಟ. ಡಾಕ್ಟರು ಇಂಟರ್ವಲ್ ಆದ ಮೇಲೂ ಬಿಡ್ಲಿಲ್ಲ."

ಸತ್ತವನು ಬಂದ

ಆಗ ಎರಡು ಟಾಕೀಸಿಗೆ ಸೇರಿ ಒಂದೇ ಪ್ರಿಂಟು. ಸಾಂತಾಕ್ರೂಜಿನ ಟಾಕೀಸಲ್ಲಿ ಒಂದು ರೀಲು ಮುಗಿದ್ರೆ ಅದನ್ನು ಡಬ್ಬಿಯಲ್ಲಿ ಹಾಕಿ, ಒಬ್ಬ ಲೋಕಲ್ ಟ್ರೇನಲ್ಲಿ ದಾದರಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ನಮಗೆ ಮುಟ್ಟಿಸ್ಬೇಕು. ಒಂದು ಆದಿತ್ಯವಾರ ಗಾಡಿ ಲೇಟಾಗಿ, ಕಡೆಯ ರೀಲು ಮೊದಲು ಬಂತು, ಅದರ ಹಿಂದಿನದ್ದು ಆಮೇಲೆ. ಜನ ಸೀಟು ಬಡೀತಿದ್ರು. ಆಪರೇಟರು ಬಂದದ್ದನ್ನು ಬಂದ ಹಾಗೇ ಓಡಿಸಿಬಿಟ್ಟ.

ಏನಾಯ್ತು ಅಂದ್ರೆ, ಇಂಜಿನಿಯರು ಡಾಕ್ಟರನ ತೊಡೆ ಮೇಲೆ ಪ್ರಾಣ ಬಿಟ್ಟ. ಹೆಂಗಸರು ಅತ್ತು ಮೂಗು ಒರೆಸ್ಕೊಂಡ್ರು. ಐದು ನಿಮಿಷ ಪರದೆ ಖಾಲಿ. ಆಮೇಲೆ ನೋಡಿದ್ರೆ ಅದೇ ಇಂಜಿನಿಯರು ಡಾಕ್ಟರನ ಪಕ್ಕ ಕೂತು ಚಾ ಕುಡೀತಿದ್ದಾನೆ.

ಮ್ಯಾನೇಜರಿಗೆ ಬೆವರು. ಜನ ಈಗ ಕುರ್ಚಿ ಮುರೀತಾರೆ ಅಂತ ನಾವೆಲ್ಲ ಕಾದೆವು. ಒಬ್ಬರೂ ಪಿಟಕ್ ಅನ್ಲಿಲ್ಲ. ದೆವ್ವದ ಪಿಕ್ಚರಲ್ಲಿ ಸತ್ತವ ಬರ್ಬಾರ್ದು ಅಂತ ಎಲ್ಲಿ ಉಂಟು?

ಶೋ ಬಿಟ್ಟ ಮೇಲೆ ಒಬ್ಬಳು ಮರಾಠಿ ಹೆಂಗಸು ಗಂಡನಿಗೆ ಹೇಳ್ಕೊಂಡು ಹೋದಳು: "ನೋಡಿ ಕಲೀರಿ. ಅವನು ಸತ್ತ ಮೇಲೂ ಚಾಕ್ಕೆ ಬಂದ. ನೀವು ಬದುಕಿದ್ದೂ ಊಟಕ್ಕೆ ಬರುದಿಲ್ಲ."

ಹೆಂಡತಿಯ ಧೈರ್ಯ

ಮದುವೆಯಾಗಿ ನನ್ನ ಹೆಂಡತಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದ ಹೊಸತರಲ್ಲಿ ಇದೇ ಪಿಕ್ಚರಿಗೆ ಕರ್ಕೊಂಡು ಹೋದೆ. ರಜೆ ಹಾಕಿ, ಟಾರ್ಚ್ ಬದಿಗಿಟ್ಟು, ಗಿರಾಕಿಯ ಹಾಗೆ ಪಕ್ಕದಲ್ಲಿ ಕೂತೆ. ದೆವ್ವ ಬಂದದ್ದೇ ತಡ, ಇವಳು ಕಿರುಚಿದ್ದು ಸ್ಟೇಷನ್ನಿಗೆ ಕೇಳಿಸಿತು.

"ಕಿರುಚಿದ್ದು ಯಾರು ಅಂತ ಸರಿಯಾಗಿ ಹೇಳಿ," ಅಂತ ಅಡಿಗೆಮನೆಯಿಂದ ಬಂತು.

ಮೊಮ್ಮಗಳ ಬೆರಳು ಫೋನಿನ ಮೇಲೆ ಹೋಯ್ತು. ನಾನು ಕೂಡ್ಲೇ ತಿದ್ದಿದೆ: "ಇಬ್ಬರೂ ಸ್ವಲ್ಪ ಸ್ವಲ್ಪ."

ಆದರೆ ಇದು ನಿಜ: ಇವಳು ದೆವ್ವವನ್ನು ನೋಡ್ತಾನೇ ಇರ್ಲಿಲ್ಲ. ನನ್ನ ಕಿವಿಯಲ್ಲಿ ಕೇಳಿದಳು, "ಆ ಡಾಕ್ಟರಿಗೆ ಮದುವೆ ಆಗಿದೆಯಾ?" ಇಲ್ಲ ಅಂದೆ. "ಆಗುದೂ ಇಲ್ಲ ಬಿಡಿ," ಅಂದಳು. "ದೆವ್ವ ಇರುವ ಮನೆಯಲ್ಲಿ ಬರೀ ದೋಸ್ತಿಗೋಸ್ಕರ ಯಾರು ಮಲಗ್ತಾರೆ? ನೀವು ನನಗೋಸ್ಕರ ಮಲಗ್ತೀರಾ?"

ನಾನು ಯೋಚನೆ ಮಾಡ್ತಾ ಇದ್ದೆ. ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಮೊಮ್ಮಗಳು ಕುಣಿದೇ ಬಿಟ್ಟಳು. "ಅಜ್ಜೀ, ಹಾಗಾದ್ರೆ ನೀವೂ ನೋಡಿದ್ದೀರಿ. ಮೆಟ್ಟಿಲ ಸೀನು ನೆನಪುಂಟಾ?"

"ಎಲ್ಲಿಂದ ನೋಡುದು?" ಅಂದಳು ಇವಳು. "ಆಗ ನಾನು ನಿನ್ನ ಅಜ್ಜನನ್ನು ಹೊರಗೆ ಕೂರಿಸಿ ನೀರು ಕುಡಿಸ್ತಾ ಇದ್ದೆ."

ಮೆಟ್ಟಿಲು

ಮತ್ತೆ ಎಲ್ಲ ನನ್ನ ಮೇಲೇ ಬಂತು.

ಬೆಳಗಿನ ಶೋ ಹೊತ್ತಿಗೆ ಸರಿಯಾಗಿ ಬಿಡ್ಬೇಕು, ಹೊಸ ಪಿಕ್ಚರಿನ ಜನ ಹೊರಗೆ ಕಾಯ್ತಿರ್ತಾರೆ. ಲೇಟಾದ್ರೆ ಆಪರೇಟರು ರೀಲಿನ ತುಂಡು ಕತ್ತರಿಸಿ ಬದಿಗಿಡುದು. ಈ ಪಿಕ್ಚರಲ್ಲಿ ಎಲ್ಲ ಟಾಕೀಸಿನವರು ಕತ್ತರಿಸುದು ಆ ಮೆಟ್ಟಿಲ ಸೀನನ್ನೇ. ಯಾಕಂದ್ರೆ ಅದರಲ್ಲಿ ದೆವ್ವವೂ ಇಲ್ಲ, ಹಾಡೂ ಇಲ್ಲ. ಹಾಗೆ ಕತ್ತರಿಸಿ ಕತ್ತರಿಸಿ ಅದು ಇಲ್ಲವಾಯ್ತು.

ನಮ್ಮ ಆಪರೇಟರು ಮಾತ್ರ ಅದನ್ನು ಮುಟ್ಟಲಿಲ್ಲ. ಹಾಡು ಕತ್ತರಿಸಿದ, ಕಾಮೆಡಿ ಕತ್ತರಿಸಿದ. ಒಂದು ಸಲ ದೆವ್ವವನ್ನೇ ಕತ್ತರಿಸಿಬಿಟ್ಟ, ದುಡ್ಡು ವಾಪಸ್ ಕೊಡಿ ಅಂತ ಜನ ನನ್ನ ಕಾಲರ್ ಹಿಡಿದ್ರು.

ಮೇಲೆ ಹೋಗಿ ಬೈದೆ. "ಅಲ್ಲ ಮಾರಾಯ, ಆ ಇಬ್ಬರು ಸುಮ್ಮನೆ ಕೂತದ್ದನ್ನು ಇಟ್ಟು ದೆವ್ವವನ್ನು ಕತ್ತರಿಸುದಾ?"

ಅವನು ಮಿಷಿನ್ ಒರೆಸ್ತಾ ಹೇಳಿದ, "ಆ ಬಂಗ್ಲೆಯ ಹೊರಗೆ ಮಳೆ ಬರ್ತಾ ಉಂಟು. ಅವರಾದ್ರೂ ಎಲ್ಲಿಗೆ ಹೋಗ್ಬೇಕು? ಸ್ವಲ್ಪ ಹೊತ್ತು ಕೂತಿರ್ಲಿ."

ಅವನಿಗೆ ಮದುವೆ ಆಗಿರ್ಲಿಲ್ಲ. ಚಾಳಿನ ಒಂದೇ ರೂಮಲ್ಲಿ, ಮಿಲ್ಲಿಗೆ ಹೋಗ್ತಿದ್ದ ಒಬ್ಬ ದೋಸ್ತನ ಜೊತೆ ತುಂಬ ವರ್ಷ ಇದ್ದ. ಆ ದೋಸ್ತ್ ತೀರಿಹೋದ ವರ್ಷ ಅದು. ನನಗೆ ಆಗ ಏನೂ ಹೊಳೀಲಿಲ್ಲ. ಹೊಳೀಲಿಕ್ಕೆ ಈ ಮೊಮ್ಮಗಳು ಹುಟ್ಟಿ, ಕಾಲೇಜಿಗೆ ಹೋಗ್ಬೇಕಾಯ್ತು.

ಮೊಮ್ಮಗಳು ಫೋನನ್ನು ನನ್ನ ಹತ್ತಿರ ಸರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಆ ಸೀನಲ್ಲಿ ಏನಾಗ್ತದೆ ಅಜ್ಜ?"

"ಹೆಚ್ಚೇನಿಲ್ಲ. ಮಳೆ. ಕಂದೀಲು. ಇಂಜಿನಿಯರು ನಡುಗ್ತಾ ಮೆಟ್ಟಿಲ ಮೇಲೆ ಕೂತಿದ್ದಾನೆ. ಡಾಕ್ಟರು ತನ್ನ ಶಾಲು ತೆಗೆದು ಅವನಿಗೆ ಹೊದಿಸಿ, ಒಂದು ಮೆಟ್ಟಿಲು ಕೆಳಗೆ ಕೂರ್ತಾನೆ. ಇಂಜಿನಿಯರು ಹೇಳ್ತಾನೆ, 'ನೀನಾದ್ರೂ ಹೋಗು.' ಡಾಕ್ಟರು ಕೇಳ್ತಾನೆ, 'ಎಲ್ಲಿಗೆ?' ಅಷ್ಟೇ."

"ಸಾಕು ಅಜ್ಜ," ಅಂದಳು. ಕಣ್ಣು ಒದ್ದೆಯಾಗಿತ್ತು. "ಇಷ್ಟೇ ಬೇಕಿತ್ತು."

ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಎಲ್ಲ ಸರಿಯಾಗಿತ್ತು, ಪ್ರಾಜೆಕ್ಟ್ ಪಾಸಾಗಿತ್ತು, ಜೀವಮಾನದಲ್ಲಿ ಒಂದು ಸಲ ನನ್ನ ಮಾತು ಯಾರೋ ನಂಬಿದ್ರು. ಆದರೆ ಅವಳ ಮುಖ ನೋಡಿ, ಪಾಪ, ಇನ್ನೂ ಸ್ವಲ್ಪ ಕೊಡುವ ಅನ್ನಿಸಿತು.

"ಆಗ ನೋಡ್ಬೇಕಿತ್ತು ಮಗಾ ಆ ಡಾಕ್ಟರನನ್ನು," ಅಂದೆ. "ಆ ಹಸಿರು ಶಾಲು ಹೊದಿಸುವಾಗ ಅವನ ಕೆನ್ನೆ ಎರಡೂ ಕೆಂಪು ಕೆಂಪು ಆದವು."

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

"ಅಜ್ಜ," ಅಂದಳು ಮೊಮ್ಮಗಳು.

"ಎಂತ?"

"ಪಿಕ್ಚರ್ ಬ್ಲ್ಯಾಕ್ ಅಂಡ್ ವೈಟ್."

ನಾನು ದೇವರ ಪಟದ ಕಡೆ ನೋಡಿದೆ. ಅಲ್ಲಿಂದಲೂ ಏನೂ ಸಹಾಯ ಬರ್ಲಿಲ್ಲ.

"ನಮ್ಮ ಟಾಕೀಸಲ್ಲಿ," ಅಂದೆ, "ಆ ಒಂದು ಸೀನು ಮಾತ್ರ ಕಲರ್ ಇತ್ತು."