ಕೌದಿಯ ರೊಟ್ಟಿ ಮೂಲೆ ತಿಂದ ಚಂದ್ರಿಯವರಿಗೆ

ಸನ್ಮಾನ್ಯ ಚಂದ್ರಿಯವರ ಸಮ್ಮುಖಕ್ಕೆ,
ಫಕೀರವ್ವನವರ ಹಿತ್ತಲು, ಬೇವಿನ ಗಿಡದ ಬುಡ, ಮೇಲವಂಕಿ.

ಮಾನ್ಯರೇ,

ತಮ್ಮ ನಾಲ್ಕೂ ಕಾಲು, ಎರಡೂ ಕೋಡು, ಹಣೆಯ ಮೇಲಿನ ಬಿಳಿ ಚಂದ್ರ ಹಾಗೂ ವಿಶೇಷವಾಗಿ ತಮ್ಮ ಹೊಟ್ಟೆ ಕ್ಷೇಮವಾಗಿರಲಿ ಎಂದು ಹಾರೈಸುತ್ತ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಆಡೊಂದರ ಹೊಟ್ಟೆಯನ್ನು ಇಷ್ಟು ಬಾಯಿತುಂಬ ವಿಚಾರಿಸಿಕೊಂಡವರು ಈವರೆಗೆ ಯಾರೂ ಇರಲಿಕ್ಕಿಲ್ಲ. ಕಾರಣ ಇಷ್ಟೇ, ಅದರೊಳಗೆ ಈಗ ನಮ್ಮ ಮನೆಯ ಆಸ್ತಿ ಇದೆ. ನಮ್ಮ ಅತ್ತೆಯವರ ಇಲಕಲ್ಲ ಸೀರೆಯ ಸೆರಗು, ಮಾವನವರ ಧೋತರದ ಅಂಚು, ಇವೆರಡರ ನಡುವೆ ಹೊಲಿದು ಮುಚ್ಚಿದ್ದ ಒಂದು ತುಣುಕು ಜೋಳದ ರೊಟ್ಟಿ.

ನಾನು ಯಾರೆಂದು ತಮಗೆ ಗುರುತು ಹತ್ತದಿದ್ದರೆ ತಪ್ಪು ತಮ್ಮದಲ್ಲ. ಕನ್ನಡಿಯಲ್ಲಿ ನನಗೇ ಹತ್ತುತ್ತಿಲ್ಲ. ನಡುವಿನ ಗಿಡ್ಡ ಗೋಡೆಯ ಈಚೆ ಐದು ತಿಂಗಳ ಮಗಳನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತ, ನಿದ್ದೆಗಣ್ಣಿನಲ್ಲಿ ಹಲ್ಲುಜ್ಜುವ ಬ್ರಶ್ಶಿಗೆ ಕೂಸಿನ ಮುಲಾಮು ಹಚ್ಚಿಕೊಳ್ಳುವ ಹೆಂಗಸೇ ನಾನು. ಹೆಸರು ಶೋಭಾ, ತವರು ಯಮಕನಮರಡಿ, ಓದಿದ್ದು ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಆ ಓದಿನ ಉಪಯೋಗವಾಗಿ ಕೂಸು ಒಂದು ಸಲ ಸೀನಿದರೆ ಫೋನಿನಲ್ಲಿ ಸೀನಿನ ಎಲ್ಲ ಕಾರಣಗಳನ್ನೂ ಓದುತ್ತೇನೆ, ಓದಿ ಮುಗಿಯುವಷ್ಟರಲ್ಲಿ ನನಗೇ ಜ್ವರ ಬಂದಂತೆ ಆಗಿರುತ್ತದೆ.

ತಮ್ಮ ಮೇಲಿನ ದೂರಿಗೆ ಬರುವ ಮೊದಲು ನಮ್ಮ ಮನೆಯ ರೀತಿಯನ್ನು ಒಂದಿಷ್ಟು ಅರಿಕೆ ಮಾಡಿಕೊಳ್ಳಬೇಕು. ಇಲ್ಲಿ ಬಟ್ಟೆಗಳಿಗೆ ನಿವೃತ್ತಿ ಎಂಬುದಿಲ್ಲ. ಸೀರೆಯೊಂದು ಮೊದಲು ಮದುವೆಗಳಿಗೆ ಹೋಗಿಬರುತ್ತದೆ, ಬಣ್ಣ ಮಾಸಿದ ಮೇಲೆ ಗೋಕಾಕದ ಸಂತೆಗೆ, ಆಮೇಲೆ ಹೊಲಕ್ಕೆ. ಹೊಲದಲ್ಲಿ ಹೈರಾಣಾಗಿ ಬಂದರೆ ದಿಂಬಿನ ಚೀಲವಾಗುತ್ತದೆ, ಚೀಲ ಹರಿದರೆ ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಮಸಿ ಅರಿವೆಯಾಗುತ್ತದೆ, ಅದೂ ಸುಟ್ಟು ತೂತಾದರೆ ಗಂಡನ ಮೋಟಾರ್ ಸೈಕಲ್ಲಿನ ಸೇವೆಗೆ ಸೇರುತ್ತದೆ. ಅತ್ತೆ ಶಿವವ್ವನವರು ಮನೆಯಲ್ಲಿ ಉಡುವ ಸೀರೆ ನನ್ನ ಗಂಡನ ಹುಟ್ಟುಗೂದಲು ತೆಗೆಸಿದ ಜವಳದಲ್ಲಿ ಬಂದ ಉಡುಗೊರೆ. ಆ ಜವಳದ ನಂತರ ಗಂಡನ ತಲೆಯ ಮೇಲೆ ಬಂದ ಕೂದಲು ಈಗ ಉದುರಲು ಹತ್ತಿದೆ, ಸೀರೆಯ ಬಣ್ಣ ಮಾತ್ರ ಹಾಗೇ ಇದೆ.

ಗಂಡ ಕಾಶಿನಾಥ ಅವರದು ಇನ್ನೊಂದು ತರಹ. ಮೂಡಲಗಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ, ದಿನಾ ನಾಲ್ಕು ಜನರ ಎದುರು ನಿಲ್ಲುವ ಮನುಷ್ಯ, ಆದರೂ ನನ್ನನ್ನು ನೋಡಲು ಬಂದ ದಿನ ಹಾಕಿದ್ದ ನೀಲಿ ಚೌಕಡಿ ಅಂಗಿಯನ್ನು ಇಂದಿಗೂ ವಾರಕ್ಕೊಮ್ಮೆ ಹಾಕಿಕೊಳ್ಳುತ್ತಾರೆ. ಕಾಲರ್ ಸವೆದಾಗ ತಿರುವಿ ಹೊಲಿಸಿದರು. ತಿರುವಿದ್ದೂ ಸವೆದಾಗ ಟೇಲರ್ ಪರಸಪ್ಪ ಅಂಗಿಗೆ ಕೈ ಮುಗಿದು ವಾಪಸು ಕೊಟ್ಟ. ನೀನು ನನ್ನನ್ನು ಒಪ್ಪಿದ್ದೇ ಈ ಅಂಗಿ ನೋಡಿ ಎಂದು ಅವರ ನಂಬಿಕೆ. ಆ ದಿನ ನಾನು ತಲೆ ಬಗ್ಗಿಸಿ ಕುಳಿತು ಅವಲಕ್ಕಿಯ ತಾಟಿನ ಹೊರತು ಏನನ್ನೂ ನೋಡಿರಲಿಲ್ಲವೆಂದು ಈವರೆಗೆ ಹೇಳುವ ಧೈರ್ಯವಾಗಿಲ್ಲ.

ಇಂಥ ಮನೆಯಲ್ಲಿ ಮಗಳು ಹುಟ್ಟಿದಳು. ನನ್ನ ಮಗಳ ಮೈಗೆ ಹಳೆಯದು ಸೋಕಬಾರದೆಂದು ನಾನು ಗೋಕಾಕದ ಪೇಟೆಯನ್ನೇ ಹೊತ್ತು ತಂದೆ: ಮೊಲಗಳಿರುವ ಫ್ರಾಕು, ಕಾಲುಚೀಲ, ಜಿಪ್ಪು ಎಳೆದರೆ ಸೊಳ್ಳೆಪರದೆ ಮುಚ್ಚಿಕೊಳ್ಳುವ ಫೋಮಿನ ಹಾಸಿಗೆ. ಆ ಹಾಸಿಗೆಯ ಮೇಲೆ ಮಲಗಿಸಿದರೆ ಆಕೆ ಯಾರೋ ಚಿವುಟಿದಂತೆ ಅಳುತ್ತಿದ್ದಳು. ಎತ್ತಿಕೊಂಡರೆ ಸುಮ್ಮನೆ, ಇಳಿಸಿದರೆ ಮತ್ತೆ ರಾಗ. ನಾನು ಹಾಸಿಗೆಯ ಕಂಪನಿಯ ಸೂಚನೆಗಳನ್ನೆಲ್ಲ ಓದಿದೆ. ಕೂಸು ಅವನ್ನು ಓದಿರಲಿಲ್ಲ.

ಅತ್ತೆ ಟ್ರಂಕಿನಿಂದ ಹಳೆಯ ಬಟ್ಟೆ ಇಳಿಸಿ, ನೆರಳಿನಲ್ಲಿ ಕಾಲು ಚಾಚಿ ಕುಳಿತು, ಕೌದಿ ಹೊಲಿಯಲು ಶುರು ಮಾಡಿದರು. ಇಲಕಲ್ಲ ಸೀರೆ ಮೇಲೆ, ಧೋತರ ಕೆಳಗೆ, ನಡುವೆ ಮನೆಯವರು ವರ್ಷಗಟ್ಟಲೆ ಉಟ್ಟು ಒಗೆದು ಬೆಣ್ಣೆಯಾದ ಚಿಂದಿಗಳು. ಒಂದು ಮೂಲೆ ಖಾಲಿ ಬಿಟ್ಟು, ತಾಯಿಯ ಮೈ ಹತ್ತಿದ ಅರಿವೆಯೊಂದು ಅಲ್ಲಿ ಬೇಕೆಂದು ನನ್ನ ಹಸಿರು ಚೂಡಿದಾರ ಕೇಳಿದರು.

ಮಾನ್ಯರೇ, ಆ ಚೂಡಿದಾರದ ಬಗ್ಗೆ ತಮ್ಮಂಥವರಿಗೆ ಹೇಗೆ ತಿಳಿಸಲಿ. ತಮಗೆ ಹುಟ್ಟಿದಾಗಿನಿಂದ ಒಂದೇ ಉಡುಪು, ಅದು ಮೈಯೊಂದಿಗೇ ಬೆಳೆಯುತ್ತದೆ. ನನ್ನ ಹಸಿರು ಚೂಡಿದಾರ ಮಾತ್ರ ಡಿಗ್ರಿ ಎರಡನೆಯ ವರ್ಷದಲ್ಲೇ ನಿಂತುಬಿಟ್ಟಿದೆ. ಅದನ್ನು ಹಾಕಿಕೊಂಡು ಯಮಕನಮರಡಿಯಿಂದ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ, ಅದರಲ್ಲೇ ಲ್ಯಾಬಿನಲ್ಲಿ ಆ್ಯಸಿಡ್ಡು ಚೆಲ್ಲಿಕೊಂಡು ಅಂಚಿಗೆ ತೂತು ಮಾಡಿಕೊಂಡೆ, ಅದರಲ್ಲೇ ಗೆಳತಿಯರೊಂದಿಗೆ ಗೋಕಾಕ ಫಾಲ್ಸಿನ ತೂಗುಸೇತುವೆಯ ನಡುವೆ ನಿಂತು ಚೀರಿದ್ದೆ. ಮದುವೆಯಾದ ಮೇಲೂ ಟ್ರಂಕಿನ ತಳದಲ್ಲಿ ಡಾಂಬರ ಗುಳಿಗೆ ಹಾಕಿ ಇಟ್ಟಿದ್ದೆ. ಅದು ಮತ್ತೆ ಮೈಗೆ ಬಂದ ದಿನ ಆ ಹುಡುಗಿಯೂ ಮರಳಿ ಬರುತ್ತಾಳೆಂದು ನನ್ನ ಲೆಕ್ಕ. ಆದ್ದರಿಂದ, ಅದನ್ನು ನಾನಿನ್ನೂ ಹಾಕಿಕೊಳ್ಳುವವಳಿದ್ದೇನೆ, ಕೊಡಲಾಗದು ಎಂದೆ.

“ಹಾಕ್ಕೊಳ್ಳಾಕಿ ಇದ್ರ ಹಾಕ್ಕೊಂಡ ತೋರ್ಸವಾ, ನಾನೂ ನೋಡತೇನಿ” ಎಂದರು ಅತ್ತೆ, ಸೂಜಿಗೆ ದಾರ ಪೋಣಿಸುತ್ತಲೇ.

ಹಟಕ್ಕೆ ಬಿದ್ದು ಒಳಗೆ ಹೋದೆ. ತಲೆ ತೂರಿತು, ಒಂದು ಕೈ ತೂರಿತು, ಅಲ್ಲಿಗೆ ನಿಂತಿತು. ಕೆಳಗೆ ಇಳಿಯದು, ತೆಗೆಯಹೋದರೆ ಮುಖದ ಮೇಲೆ ಸಿಕ್ಕಿಕೊಂಡು ಮೇಲೂ ಬಾರದು. ಎರಡೂ ಕೈ ಆಕಾಶಕ್ಕೆ ಎತ್ತಿ, ಮುಖ ಮುಚ್ಚಿದ ಹಸಿರು ಕತ್ತಲೆಯಲ್ಲಿ ನಿಂತು ಅತ್ತೆಯವರನ್ನೇ ಕರೆಯಬೇಕಾಯಿತು. ಅವರು ಬಂದು, ನಗು ನುಂಗಿಕೊಂಡು, ಕೂಸಿನ ಜುಬ್ಬ ಬಿಚ್ಚುವ ಹಾಗೆ ಮೆಲ್ಲಗೆ ಎಳೆದು ತೆಗೆದರು. ಆದರೂ ನಾನು ಕೊಡಲಿಲ್ಲ.

ಖಾಲಿ ಮೂಲೆಯನ್ನು ಅವರು ಸೀರೆಯ ಸೆರಗಿನಿಂದಲೇ ಮುಚ್ಚಿದರು. ಮುಚ್ಚುವ ಮುಂಚೆ, ಅತ್ತೆಯ ತಾಯಿ ಮಾಡುತ್ತಿದ್ದಂತೆ, ಅದರೊಳಗೆ ಒಂದು ತುಣುಕು ರೊಟ್ಟಿ ಇಟ್ಟರು. ಕೌದಿಗೂ ಹೊಟ್ಟೆ ಇರುತ್ತದೆ, ಅದು ಹಸಿದರೆ ಹೊದ್ದವರೂ ಹಸಿಯುತ್ತಾರೆ ಎಂಬುದು ಅವರ ಮಾತು. ಇರುವೆ ಮುತ್ತುತ್ತವೆ, ಬೂಸು ಬರುತ್ತದೆ, ಕೂಸಿಗೆ ಸೋಂಕಾಗುತ್ತದೆ ಎಂದು ನಾನು ಬಿ.ಎಸ್ಸಿ. ಓದಿದವಳಿಗೆ ತಕ್ಕಂತೆ ಎಚ್ಚರಿಸಿದೆ. ಆಡು ಬರುತ್ತದೆ ಎನ್ನಲಿಲ್ಲ. ನಮ್ಮ ಪಠ್ಯದಲ್ಲಿ ತಾವು ಇರಲಿಲ್ಲ.

ಆ ಕೌದಿಯ ಮೇಲೆ ಮಲಗಿಸಿದ ಮಧ್ಯಾಹ್ನ ಮಗಳು ಕೈ ಎರಡೂ ಚೆಲ್ಲಿ ಮಲಗಿದಳು. ಎಷ್ಟು ಗಾಢವಾಗಿ ಎಂದರೆ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನಾನು ಮೂಗಿನ ಬಳಿ ಬೆರಳು ಹಿಡಿದು ನೋಡಿ, ಎಬ್ಬಿಸಿಬಿಟ್ಟು, ಮತ್ತೆ ಮಲಗಿಸಿದೆ. ಆಮೇಲೆ ಪಕ್ಕದಲ್ಲಿ ನಾನೂ ಮಲಗಿದೆ. ಹೆರಿಗೆಯಾದಂದಿನಿಂದ ಅಂಥ ನಿದ್ದೆ ಕಂಡಿರಲಿಲ್ಲ. ಮುಂದಿನ ದಿನಗಳು ಹೇಗಿದ್ದವೆಂದರೆ, ನಾನು ಒಂದು ಸಲ ಹಾಡು ಗುನುಗಿದ್ದನ್ನು ಕೇಳಿ ಗಂಡ ಹೆದರಿದರು.

ಇನ್ನು ತಮ್ಮ ಕಾರ್ಯದ ದಿನ. ಮಗಳು ಕೌದಿಯ ಮೇಲೆ ತನ್ನ ಹಕ್ಕು ಚಲಾಯಿಸಿದ್ದರಿಂದ ಅದನ್ನು ಒಗೆದು ಗೋಡೆಯ ಮೇಲೆ ಹಾಸಿದ್ದೆ. ಪಕ್ಕದ ತಂತಿಯ ಮೇಲೆ ಮೊಲದ ಫ್ರಾಕು, ಫೋಮಿನ ಹಾಸಿಗೆಯ ಹೊದಿಕೆ, ಗಂಡನ ಅಂಗಿ ಎಲ್ಲವೂ ಇದ್ದವು. ತಾವು ಮುಂಗಾಲು ಗೋಡೆಗೆ ಊರಿ, ಮೊದಲು ಫ್ರಾಕಿನ ತೋಳನ್ನು ಬಾಯಿಗೆ ಹಾಕಿ ಉಗುಳಿದಿರಿ. ಹೊದಿಕೆಯನ್ನು ಬರೀ ಮೂಸಿ ಮುಖ ತಿರುವಿದಿರಿ. ಪೇಟೆಯಲ್ಲಿ ನಾನು ಅರ್ಧ ದಿನ ನಿಂತು, ಲೇಬಲ್ಲು ಓದಿ, ಬೆರಳಿನಿಂದ ಉಜ್ಜಿ ನೋಡಿ ತಂದ ಅರಿವೆಯ ಗುಣವನ್ನು ತಾವು ಒಂದೇ ಮೂಸುವಿಕೆಯಲ್ಲಿ ನಿರ್ಣಯಿಸಿದ ಬಗೆಗೆ ನನ್ನ ಮೆಚ್ಚುಗೆ ಇದೆ. ಅನಂತರ ನೆಟ್ಟಗೆ ರೊಟ್ಟಿಯ ಮೂಲೆಗೆ ಹೋದಿರಿ. ರೊಟ್ಟಿ ತಿಂದು ನಿಲ್ಲಿಸಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ರೊಟ್ಟಿಯ ಜೊತೆ ಪಲ್ಯವೆಂಬಂತೆ ಸೆರಗು, ಮೇಲೆ ಧೋತರ, ಹೀಗೆ ಪಂಕ್ತಿಯಲ್ಲಿ ಕುಳಿತವರ ಸಾವಧಾನದಲ್ಲಿ ಮೂಲೆಯನ್ನೇ ಮುಗಿಸಿ, ನಾನು ಓಡಿ ಬಂದಾಗ ದಾರದ ತುದಿಯೊಂದನ್ನು ಮೀಸೆಯಂತೆ ತೂಗಾಡಿಸುತ್ತ ನನ್ನನ್ನೇ ನೋಡಿದಿರಿ.

ತಮ್ಮ ಒಡತಿ ಫಕೀರವ್ವನವರಿಗೆ ದೂರು ಒಯ್ದೆ. ಅವರು ಹರಿದ ಮೂಲೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಒಳಗ ರೊಟ್ಟಿ ಇಟ್ಟು ಹೊಲದು ಅದರ ಮಾರಿ ಮುಂದ ಹಾಸೀರಿ. ಊಟಕ್ಕ ಕರದಂಗ ಆತಲ್ರಿ ಯವ್ವಾ ಅದು.” ಹಾಗೆಂದು ಹೇಳಿ, ಕೂಸಿಗೆ ಕುಡಿಸಿರೆಂದು, ಚಂದ್ರಿಯವರೇ, ತಮ್ಮದೇ ಹಾಲನ್ನು ಒಂದು ತಂಬಿಗೆ ಕಳಿಸಿಕೊಟ್ಟರು. ಡಾಕ್ಟರಿಗೆ ಫೋನು ಮಾಡಿ ಕೇಳಿದೆ, ಇಷ್ಟು ಎಳೆಯ ಕೂಸಿಗೆ ಬೇಡವೆಂದರು. ಗಂಡ ಅದರಲ್ಲಿ ಚಹಾ ಮಾಡಿಸಿಕೊಂಡು ಕುಡಿದರು. ದಾರ ನುಂಗಿದ ಆಡಿಗೆ ಏನಾಗಬಹುದೆಂದು ಫೋನಿನಲ್ಲಿ ಓದಿ, ಮರುದಿನ ನಾನು ಗೋಡೆಯ ಮೇಲಿಂದ ಇಣುಕಿ ತಮ್ಮ ಹಿಕ್ಕೆಯನ್ನು ಪರೀಕ್ಷಿಸಿದ್ದು ನಿಜ. ಅದನ್ನು ಪ್ರೀತಿಯೆಂದು ತಿಳಿಯಬೇಡಿರಿ.

ಆದರೆ ಕೂಸು ಮತ್ತೆ ಮಲಗದಾಯಿತು. ಹರಿದ ಕಡೆ ದಾರ ಬಿಚ್ಚಿ ಒಳಗಿನ ಚಿಂದಿ ಹೊರಬಂದು, ಕೌದಿ ಹಾಸುವ ಸ್ಥಿತಿಯಲ್ಲಿ ಇರಲಿಲ್ಲ. ಫೋಮಿನ ಮೇಲೆ ಹಳೆಯ ರಾಗ ಹೊಸದಾಗಿ ಶುರುವಾಯಿತು. ತೇಪೆಗೆ ಮೆತ್ತನೆಯ ಹಳೆಯ ಅರಿವೆ ಬೇಕು, ಮನೆಯ ಹಳತೆಲ್ಲ ಆಗಲೇ ಕೌದಿಯ ಹೊಟ್ಟೆಗೆ ಸೇರಿದೆ. ಉಳಿದವು ಎರಡೇ. ಅತ್ತೆಯ ಕಣ್ಣು ಮೊದಲು ಮಗನ ಅಂಗಿಯ ಮೇಲೆ ಬಿತ್ತು. ಮಗ ಅದರ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡು, ಅಂಗಡಿಗೆ ರಜೆ ಇದ್ದ ದಿನವೇ ಮೂಡಲಗಿಗೆ ಹೊರಟುಹೋದರು. ಆಮೇಲೆ ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಅದಕ್ಕೇ ಟ್ರಂಕು ತೆಗೆಯಬೇಕಾಯಿತು.

ಅವರು ಚೂಡಿದಾರವನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. “ಇದರಾಗ ಡಾಂಬರ ಗುಳಿಗಿ ವಾಸನಿ ಐತಿ, ನಿಂದಿಲ್ಲ. ಕೂಸು ಗುಳಿಗಿ ಹುಡಕತೈತೇನು? ನಾಕ ದಿನ ನೀ ಹಾಕ್ಕೊ, ಆಮ್ಯಾಲ ನೋಡೂಣು.” ಮೈಗೆ ಬಾರದೆಂದು ನೀವೇ ನೋಡಿದ್ದೀರಲ್ಲ ಎಂದೆ. ಅವರು ಕತ್ತರಿ ತೆಗೆದುಕೊಂಡು ಎರಡೂ ಮಗ್ಗುಲಿನ ಹೊಲಿಗೆಯನ್ನು ಕಂಕುಳಿಂದ ಕೆಳಗಿನವರೆಗೂ ಬಿಚ್ಚಿದರು, ಬಿಚ್ಚಿದಲ್ಲಿ ಉಟ್ಟಿದ್ದ ಜವಳದ ಸೀರೆಯ ಒಳಸೆರಗಿನಿಂದ ಕಿತ್ತ ಒಂದೊಂದು ಪಟ್ಟಿ ಕೂಡಿಸಿದರು. ಹಾಕಿಕೊಂಡೆ. ತಲೆ ತೂರಿತು, ಎರಡೂ ಕೈ ತೂರಿದವು, ಉಸಿರಾಡಲೂ ಜಾಗ ಉಳಿಯಿತು.

ನಾಲ್ಕು ದಿನ ಅದರಲ್ಲೇ ರೊಟ್ಟಿ ಬಡಿದೆ, ಕೂಸಿಗೆ ಹಾಲೂಡಿಸಿದೆ, ಹಿತ್ತಲಲ್ಲಿ ಬಟ್ಟೆ ಹಿಂಡಿದೆ. ತಾವೂ ಗೋಡೆಯಾಚೆಯಿಂದ ನೋಡುತ್ತಿದ್ದಿರಿ. ಲ್ಯಾಬಿನ ತೂತಿನಲ್ಲಿ ಮಗಳು ಬೆರಳು ತೂರಿಸಿ ಆಡಿದಳು. ತೂಗುಸೇತುವೆಯ ಹುಡುಗಿ ಬಂದಳೋ ಇಲ್ಲವೋ ಗೊತ್ತಾಗಲಿಲ್ಲ, ಹುಡುಕಲು ಪುರುಸೊತ್ತೂ ಇರಲಿಲ್ಲ. ಐದನೆಯ ದಿನ ಅತ್ತೆ ನನ್ನ ಮುಖ ನೋಡಿ, ಬ್ಯಾಡಾದ್ರ ಬಿಡವಾ, ಬ್ಯಾರೆ ಏನರೆ ಹಚ್ಚೂಣು ಎಂದರು. ಕತ್ತರಿಯನ್ನು ನಾನೇ ಹಿಡಿದೆ. ಎಡಗಡೆಯ ತೋಳನ್ನೂ ಕೆಳಗಿನ ಘೇರನ್ನೂ ಕತ್ತರಿಸಿ ಕೊಟ್ಟೆ. ಈಗ ಮಗಳು ಮಲಗುವ ಮುಂಚೆ ಹೊರಳಿ, ಆ ಹಸಿರು ಮೂಲೆಗೆ ಮೂಗು ಹಚ್ಚುತ್ತಾಳೆ. ಮಿಕ್ಕ ಚೂಡಿದಾರ, ಒಂದೇ ತೋಳಿನದು, ಈ ಪತ್ರ ಬರೆಯುವಾಗಲೂ ನನ್ನ ಮೈಮೇಲಿದೆ. ಇನ್ನೂ ಹತ್ತು ವರ್ಷ ಬರುತ್ತದೆಂದು ಅತ್ತೆ ಭರವಸೆ ಕೊಟ್ಟಿದ್ದಾರೆ.

ಹೀಗಿರುವಾಗ ತಮ್ಮಲ್ಲಿ ಕೆಲವು ವಿನಂತಿಗಳು. ತಿಂದ ಸೆರಗನ್ನು ತಮಗೆ ಅನುಕೂಲವಾದ ದಿನ, ಒಗೆದು, ಮಡಿಸಿ ಹಿಂತಿರುಗಿಸಬೇಕು. ಗೋಕಾಕದ ಕೂಸಿನ ಬಟ್ಟೆಯ ಅಂಗಡಿಗಳ ಬಾಗಿಲಲ್ಲಿ ತಾವು ಪರೀಕ್ಷಕರಾಗಿ ನಿಂತು, ತಾವು ಉಗುಳಿದ್ದನ್ನು ಯಾವ ತಾಯಿಗೂ ಮಾರದಂತೆ ನೋಡಿಕೊಳ್ಳಬೇಕು. ತಾವು ಕೌದಿ ತಿಂದ ಮೇಲಿನ ದಿನಗಳಲ್ಲಿ ನಾನು ಕಳೆದುಕೊಂಡ ನಿದ್ದೆಗೆ ಬದಲಾಗಿ ವಾರಕ್ಕೆ ಎರಡು ಪಾಳಿ ತೊಟ್ಟಿಲು ತೂಗಬೇಕು; ಕೋಡಿಗೆ ಹಗ್ಗ ಕಟ್ಟುವ ಕೆಲಸ ನನ್ನದು. ಹೊಸ ಮೂಲೆಯಲ್ಲಿ ರೊಟ್ಟಿ ಹುಡುಕುವ ಶ್ರಮ ಮಾತ್ರ ಬೇಡ. ಈ ಸಲ ಅಲ್ಲಿ ಇಟ್ಟಿಲ್ಲ. ಕೌದಿಯ ಮೂಲೆಯೇ ಆಡಿನ ಹೊಟ್ಟೆಯಲ್ಲಿರುವಾಗ ರೊಟ್ಟಿಯೂ ಅಲ್ಲಿಗೇ ಹೋಗಲಿ ಎಂದು ಅತ್ತೆ ತೀರ್ಪು ಕೊಟ್ಟದ್ದರಿಂದ, ಕೌದಿ ಒಗೆದ ದಿನ ತಮ್ಮ ಪಾಲಿನ ತುಣುಕು ಗೋಡೆಯ ಮೇಲೆ ತಮ್ಮ ಬಾಯಿಗೇ ಬರುತ್ತಿದೆ. ತಾವದನ್ನು ಗೌರವಧನವೆಂದು ತಿಳಿದು ತಿನ್ನುತ್ತಿರುವಂತಿದೆ. ತಿಳಿಯಿರಿ, ಅಡ್ಡಿಯಿಲ್ಲ.

ಬಟ್ಟೆ ಒಣಹಾಕದ ದಿನಗಳಲ್ಲಿ ಮಾತ್ರ
ತಮ್ಮ ವಿಶ್ವಾಸಿ,
ಶೋಭಾ

ತಾ.ಕ.: ಬರುವ ಸೋಮವಾರ ಯಜಮಾನರ ನೀಲಿ ಚೌಕಡಿ ಅಂಗಿಯನ್ನು ಒಗೆದು, ತಂತಿಗೆ ಬದಲು ತಮ್ಮ ಕಡೆಯ ಗೋಡೆಯ ಮೇಲೆ ಹಾಸುವವಳಿದ್ದೇನೆ. ಕಿಸೆಯಲ್ಲಿ ರೊಟ್ಟಿ ಇರುತ್ತದೆ. ಗುಂಡಿಗಳನ್ನು ಮಾತ್ರ ಬಿಟ್ಟುಬಿಡಿರಿ, ಅತ್ತೆಯವರಿಗೆ ಬೇಕಂತೆ.