ಇಲ್ಲದ ಸಹಾಯಧನದಿಂದ ಕಾರ್ಡ್ ಸಾಲ ತೀರಿಸಿಕೊಳ್ಳಬಯಸುವವರ ಗಮನಕ್ಕೆ

ಸಹಾಯಧನ ಮತ್ತು ಇತರೆ ಶಾಖೆ
ಮೂರನೇ ಮಹಡಿ (ಲಿಫ್ಟ್ ಎರಡನೇ ಮಹಡಿಯವರೆಗೆ ಮಾತ್ರ)

ಸಂಖ್ಯೆ: ಸಇಶಾ/ಕಾರ್ಡ್/17/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಸಂಬಳಕ್ಕೆ ಇನ್ನೂ ಒಂಬತ್ತು ದಿನ ಇರುವಾಗ

ವಿಷಯ: ಕ್ರೆಡಿಟ್ ಕಾರ್ಡಿನ ವೈಯಕ್ತಿಕ ಸಾಲ ತೀರಿಸಲು ಸರ್ಕಾರಿ ಸಹಾಯಧನ ಕೋರುವ ಬಗ್ಗೆ, ಹಾಗೂ ಅಂಥ ಸಹಾಯಧನ ಇಲ್ಲದಿರುವ ಬಗ್ಗೆ.

ಉಲ್ಲೇಖ:
(ಅ) ಯಾರೋ ಯಾರಿಗೋ ಮೊಬೈಲಿನಲ್ಲಿ ಕಳಿಸಿದ, ಹತ್ತು ಜನರಿಗೆ ಕಳಿಸಲು ಕೋರಿದ ಸಂದೇಶ.
(ಆ) ಈ ಶಾಖೆಯ ಸುತ್ತೋಲೆ 1ರಿಂದ 16. (ಒಂಬತ್ತನೆಯದು ಸಿಕ್ಕಿಲ್ಲ.)
(ಇ) ಮೂರನೇ ಕಿಟಕಿಯ ಗುಮಾಸ್ತೆಯವರ ಮೌಖಿಕ ಹೇಳಿಕೆ, ಇಡೀ ಮಹಡಿಗೆ ಕೇಳಿಸಿದ್ದು.

ಪ್ರಸ್ತಾವನೆ:

ಕಾರ್ಡಿನ ಸಾಲವನ್ನು ಸರ್ಕಾರವೇ ತೀರಿಸುತ್ತದೆ ಎಂಬ ಉಲ್ಲೇಖ (ಅ)ರ ಸಂದೇಶವನ್ನು ನಂಬಿ ಕಳೆದ ತಿಂಗಳು ಒಬ್ಬ ಕ್ಷೌರಿಕರು ತಮ್ಮ ಭಾವನೊಂದಿಗೆ ಈ ಶಾಖೆಗೆ ಬಂದಿರುತ್ತಾರೆ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತದ್ದನ್ನು ಕಂಡ ಜವಾನರು ವಾಡಿಕೆಯಂತೆ ಟೋಕನ್ ಕೊಟ್ಟಿರುತ್ತಾರೆ. ಈ ಕಚೇರಿಯಲ್ಲಿ ಟೋಕನ್ ಕೊಟ್ಟ ಮೇಲೆ ಅರ್ಜಿ ನಮೂನೆ ಕೊಡದೆ ಕಳಿಸುವ ಪದ್ಧತಿ ಇಲ್ಲ. ನಮೂನೆ ಇಲ್ಲದ್ದರಿಂದ ಅಚ್ಚು ಹಾಕಿಸಲಾಯಿತು. ನಮೂನೆ ಇದೆ ಎಂದರೆ ಯೋಜನೆಯೂ ಇದ್ದೇ ಇರುತ್ತದೆ ಎಂದು ಜನ ತಿಳಿದರು. ತಪ್ಪು ಅವರದಲ್ಲ.

ಪ್ರಸ್ತುತ ಸರದಿಯು ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ, ಪಕ್ಕದ ದಂತವೈದ್ಯರ ಬಾಗಿಲೊಳಗೆ ಹೋಗಿರುತ್ತದೆ. ತಮ್ಮ ಪಾಳಿ ಬಂತೆಂದು ತಿಳಿದು ಇಬ್ಬರು ಅಲ್ಲಿ ಹಲ್ಲು ಕೀಳಿಸಿಕೊಂಡಿದ್ದು, ಅದರ ಬಿಲ್ಲನ್ನೂ ಕಾರ್ಡಿನಲ್ಲೇ ಕಟ್ಟಿರುವುದಾಗಿ ವರದಿಯಾಗಿದೆ.

ಇಲ್ಲದ ಯೋಜನೆಗೆ ಖರ್ಚು ಹಾಕಲು ಲೆಕ್ಕ ಶೀರ್ಷಿಕೆ ಇರುವುದಿಲ್ಲ. ಆದ್ದರಿಂದ ನಮೂನೆ, ಟೋಕನ್, ಐವತ್ತು ಪ್ಲಾಸ್ಟಿಕ್ ಕುರ್ಚಿ ಮತ್ತು ಎರಡು ಫ್ಯಾನುಗಳ ವೆಚ್ಚವನ್ನು ಕೆಳಸಹಿದಾರರ ಸ್ವಂತ ಕ್ರೆಡಿಟ್ ಕಾರ್ಡಿನಿಂದ ಭರಿಸಲಾಗಿದೆ. ಬಡ್ಡಿ ಸೇರಿ ಇಂದಿಗೆ ರೂ. 1,43,618. ಮರುಪಾವತಿ ಕೋರಿ ಬರೆದಾಗ, ಇಲ್ಲದ ಯೋಜನೆಗೆ ಮಾಡಿದ ಖರ್ಚು ಆಗಿಯೇ ಇಲ್ಲವೆಂದು ಭಾವಿಸತಕ್ಕದ್ದು ಎಂಬ ಉತ್ತರ ಖಜಾನೆಯಿಂದ ಬಂದಿದೆ. ಬ್ಯಾಂಕಿನವರು ಹಾಗೆ ಭಾವಿಸಿರುವುದಿಲ್ಲ. ದಿನಕ್ಕೆ ಆರು ಸಲ ಫೋನ್ ಮಾಡುತ್ತಾರೆ. ಈ ಕರೆಗಳು ಮೇಲಧಿಕಾರಿಗಳವು ಎಂದು ಮನೆಯಲ್ಲಿ ಹೇಳಿಕೊಂಡು ಬರಲಾಗಿದೆ.

ಈ ಹಿನ್ನೆಲೆಯಲ್ಲಿ ಸಿಬ್ಬಂದಿಗೂ ಸಾರ್ವಜನಿಕರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಅರ್ಜಿ ಸ್ವೀಕರಿಸುವುದನ್ನು ನಿಲ್ಲಿಸತಕ್ಕದ್ದಲ್ಲ. ನಿಲ್ಲಿಸಿದಲ್ಲಿ, ಇಷ್ಟು ದಿನ ಏಕೆ ಸ್ವೀಕರಿಸಿದಿರಿ ಎಂಬ ಪ್ರಶ್ನೆ ಉದ್ಭವಿಸುತ್ತದೆ.

2. ಅರ್ಜಿ ಶುಲ್ಕವನ್ನು ಕ್ರೆಡಿಟ್ ಕಾರ್ಡಿನಲ್ಲೇ ಪಾವತಿಸತಕ್ಕದ್ದು. ನಗದು ಕೊಟ್ಟವರನ್ನು ಕೈಯಲ್ಲಿ ಕಾಸಿರುವವರೆಂದು ಪರಿಗಣಿಸಿ ಅರ್ಜಿ ತಿರಸ್ಕರಿಸಲಾಗುವುದು.

3. ಕಾರ್ಡಿನಲ್ಲಿ ಕೊಂಡ ವಸ್ತುವನ್ನು ಪರಿಶೀಲನೆಗೆ ಹಾಜರುಪಡಿಸತಕ್ಕದ್ದು.
(ಕ) ಎರಡು ಬಾಗಿಲಿನ ಫ್ರಿಜ್ ಕೊಂಡವರು ಒಂದು ಬಾಗಿಲು ತಂದರೆ ಸಾಕು.
(ಖ) ಪ್ರವಾಸ ಹೋಗಿ ಬಂದವರು, ಹೋದಾಗ ಇದ್ದಷ್ಟೇ ಸಂತೋಷದ ಮುಖದೊಂದಿಗೆ ಹಾಜರಾಗುವುದು.
(ಗ) ಮಗಳ ಮದುವೆ ಖರ್ಚು ತೋರಿಸುವವರು ಅಳಿಯನನ್ನು ಕರೆತರಬೇಕು, ಬಿಟ್ಟುಹೋಗುವಂತಿಲ್ಲ. ಈಗಾಗಲೇ ಬಿಟ್ಟುಹೋಗಿರುವ ಒಬ್ಬ ಅಳಿಯನನ್ನು ದಾಖಲೆ ಕೊಠಡಿಯಲ್ಲಿ ಕೂರಿಸಲಾಗಿದೆ. ಸಂಬಂಧಪಟ್ಟ ಮಾವನವರು ಏಳು ದಿನಗಳೊಳಗಾಗಿ ರಸೀದಿ ತೋರಿಸಿ ಬಿಡಿಸಿಕೊಳ್ಳದಿದ್ದಲ್ಲಿ, ಹಳೆಯ ಕಡತಗಳೊಂದಿಗೆ ವಿಲೇವಾರಿ ಮಾಡಲಾಗುವುದು.

4. ಸಾಲವನ್ನು ಅಗತ್ಯ, ಅನಗತ್ಯ ಮತ್ತು ‘ಪಕ್ಕದ ಮನೆಯವರು ಕೊಂಡರೆಂದು’ ಎಂಬ ಮೂರು ವರ್ಗಗಳಲ್ಲಿ ನಮೂದಿಸತಕ್ಕದ್ದು. ಮೂರನೇ ವರ್ಗದವರು ಪಕ್ಕದ ಮನೆಯ ಟಿವಿಯ ಅಗಲವನ್ನು ಅಳೆದು, ಆ ಮನೆಯವರಿಂದಲೇ ‘ಹೌದು, ನಮ್ಮದೇ ದೊಡ್ಡದು’ ಎಂಬ ದೃಢೀಕರಣ ಪಡೆದು ಲಗತ್ತಿಸುವುದು.

5. ಒಂದು ಕಾರ್ಡಿನ ಸಾಲವನ್ನು ಇನ್ನೊಂದರಿಂದ, ಅದರದನ್ನು ಮತ್ತೊಂದರಿಂದ ತೀರಿಸಿದವರು ಕಾರ್ಡುಗಳ ವಂಶವೃಕ್ಷ ಸಲ್ಲಿಸತಕ್ಕದ್ದು. ಒಬ್ಬ ದರ್ಜಿಯವರು ಸಲ್ಲಿಸಿದ ವಂಶವೃಕ್ಷದಲ್ಲಿ ಮೊಮ್ಮಗ ಕಾರ್ಡೇ ಅಜ್ಜನ ಸಾಲ ತೀರಿಸಿರುವುದು ಕಂಡುಬಂದಿದ್ದು, ಅಷ್ಟು ಒಳ್ಳೆಯ ಮೊಮ್ಮಗನನ್ನು ರದ್ದುಪಡಿಸಲು ಸಿಬ್ಬಂದಿಗೆ ಮನಸ್ಸು ಬಂದಿರುವುದಿಲ್ಲ.

6. ಮೂರನೇ ಕಿಟಕಿಯ ಗುಮಾಸ್ತೆಯವರು ಪ್ರತಿ ಅರ್ಜಿದಾರರಿಗೂ ಈ ಕೆಳಗಿನಂತೆ ಹೇಳುತ್ತಿರುವುದು ಗಮನಕ್ಕೆ ಬಂದಿದೆ: “ಅಣ್ಣಾ, ಅಂಥಾ ದುಡ್ಡೇ ಇಲ್ಲ. ಸುಮ್ನೆ ಯಾಕೆ ಕಾಲು ನೋಯಿಸ್ಕೊಳ್ತೀರಾ? ಬ್ಯಾಂಕಿಗೆ ಹೋಗಿ, ಒಟ್ಟಿಗೆ ಕಟ್ಟೋಕಾಗಲ್ಲ, ಕಂತು ಮಾಡ್ಕೊಡಿ ಅಂತ ಬಾಯ್ಬಿಟ್ಟು ಕೇಳಿ. ಆ ಕಾರ್ಡನ್ನ ಕತ್ತರಿಸಿ ಬಿಸಾಕಿ. ಮೊದಲು ಮನೇಲಿ ಹೇಳ್ಬಿಡಿ. ಅರ್ಧ ಭಾರ ಅಲ್ಲೇ ಇಳಿಯುತ್ತೆ.”

ಇದರಿಂದ ನಲವತ್ತೊಂದು ಜನ ಅರ್ಜಿ ಸಲ್ಲಿಸದೆ ವಾಪಸಾಗಿದ್ದು, ಶಾಖೆಯ ಪ್ರಗತಿ ಕುಂಠಿತವಾಗಿರುತ್ತದೆ. ಸದರಿಯವರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿ, “ನಿಜ ಹೇಳಿದೆ ಸಾರ್” ಎಂಬ ಒಂದೇ ಸಾಲಿನ ಸಮಜಾಯಿಷಿ ಸಲ್ಲಿಸಿರುತ್ತಾರೆ. ಸಮಜಾಯಿಷಿ ಮೂರು ಪುಟಕ್ಕೆ ಕಡಿಮೆ ಇರಬಾರದೆಂದು ಹಿಂದಿರುಗಿಸಲಾಗಿ, ಅದೇ ಸಾಲನ್ನು ಮೂರು ಪುಟ ಬರೆದು ಮರುಸಲ್ಲಿಸಿರುತ್ತಾರೆ.

7. ಕಳೆದ ಭಾನುವಾರ ಕೆಳಸಹಿದಾರರು ಸ್ನಾನಕ್ಕೆ ಹೋಗಿದ್ದಾಗ ಬ್ಯಾಂಕಿನ ಕರೆಯನ್ನು ಅವರ ಪತ್ನಿ ಸ್ವೀಕರಿಸಿದ್ದು, “ನಿಮಗೆ ಯಾರೋ ತಪ್ಪು ನಂಬರ್ ಕೊಟ್ಟಿದ್ದಾರೆ ಕಣಮ್ಮ. ನಮ್ಮನೆಯವರು ಊರೋರ ಸಾಲ ತೀರಿಸೋ ಆಫೀಸಲ್ಲೇ ಇರೋದು. ಅವರು ಒಂದು ಪೈಸೆ ಬಾಕಿ ಇಡೋರಲ್ಲ” ಎಂದು ಹೆಮ್ಮೆಯಿಂದ ತಿಳಿಸಿರುವುದು ಬಚ್ಚಲಮನೆಯವರೆಗೆ ಕೇಳಿಸಿದೆ. ನೀರು ಆರಿ ತಣ್ಣಗಾಗುವವರೆಗೂ ಕೆಳಸಹಿದಾರರು ಹೊರಗೆ ಬಂದಿರುವುದಿಲ್ಲ. ಆ ಹೆಮ್ಮೆಯನ್ನು ಯಾವ ನಿಯಮದಡಿ ವಿಲೇವಾರಿ ಮಾಡಬೇಕೆಂಬುದು ತಿಳಿದುಬಂದಿಲ್ಲ. ತುಂಬಾ ನಾಚಿಕೆಯಾಗಿದೆ.

8. ತತ್ಪರಿಣಾಮವಾಗಿ ಕೆಳಸಹಿದಾರರು ಸೋಮವಾರ ತಾವೇ ಅರ್ಜಿ ಸಲ್ಲಿಸಿ, ತಾವೇ ಪರಿಶೀಲಿಸಿ, ಕಂಡಿಕೆ 3ರಂತೆ ಕೊಂಡ ವಸ್ತುಗಳನ್ನು ಹಾಜರುಪಡಿಸುವಂತೆ ತಮಗೆ ತಾವೇ ಸೂಚಿಸಿಕೊಂಡಿರುತ್ತಾರೆ. ನಮೂನೆಗಳು ಜನರ ಕೈಯಲ್ಲೂ, ಕುರ್ಚಿಗಳು ಜನರ ಅಡಿಯಲ್ಲೂ ಇದ್ದ ಕಾರಣ ಅರ್ಜಿ ತಿರಸ್ಕೃತವಾಗಿದೆ. ಇಂಥ ಆರುನೂರು ತಿರಸ್ಕಾರ ಪತ್ರಗಳಿಗೆ ಸಹಿ ಹಾಕಿದಾಗ ಕೈ ನೋಯದಿದ್ದರೂ, ಒಂದನ್ನು ಓದಿದಾಗ ನೋವಾಗಿದೆ ಎಂದು ದಾಖಲಿಸಲಾಗಿದೆ.

9. ಸದರಿ ತಿರಸ್ಕಾರದ ವಿರುದ್ಧ ಮೇಲ್ಮನವಿ ಸಲ್ಲಿಸಲು ಕೆಳಸಹಿದಾರರು ನಿನ್ನೆ ಟೋಕನ್ ಪಡೆದು, ಮೂರೂವರೆ ಗಂಟೆ ಸರದಿಯಲ್ಲಿ ನಿಂತು ಮೂರನೇ ಕಿಟಕಿ ತಲುಪಿರುತ್ತಾರೆ. ಗುಮಾಸ್ತೆಯವರು ತಲೆಯೆತ್ತದೆ “ಅಣ್ಣಾ, ಅಂಥಾ ದುಡ್ಡೇ ಇಲ್ಲ” ಎಂದು ಆರಂಭಿಸಿ, ಕೊನೆಯವರೆಗೂ ಹೇಳಿ, ನಂತರ ತಲೆಯೆತ್ತಿ, “ಅಯ್ಯೋ, ಸಾರ್, ನೀವಾ!” ಎಂದು ಟೋಕನ್ ತೆಗೆದುಕೊಂಡು, “ನಿಮಗೂ ಅದೇ ಸಾರ್” ಎಂದಿರುತ್ತಾರೆ.

10. ಆದ್ದರಿಂದ ಸದರಿಯವರ ಮೇಲಿನ ನೋಟಿಸನ್ನು ಹಿಂಪಡೆಯಲಾಗಿದೆ. ಅವರು ಹೇಳುವ ಮಾತನ್ನೇ ಇನ್ನು ಮುಂದೆ ಸಹಾಯಧನವೆಂದು ಭಾವಿಸಿ, ಪ್ರತಿ ಅರ್ಜಿದಾರರಿಗೆ ಒಂದು ಸಲ, ಕಿವಿ ಮಂದವಿದ್ದವರಿಗೆ ಎರಡು ಸಲ ಮಂಜೂರು ಮಾಡತಕ್ಕದ್ದು. ಫಲಾನುಭವಿಗಳ ಪಟ್ಟಿಯಲ್ಲಿ ಕೆಳಸಹಿದಾರರ ಹೆಸರನ್ನು ಮೊದಲು ಬರೆದುಕೊಳ್ಳುವುದು. ಬ್ಯಾಂಕಿನ ಕೆಲಸ ಇಂದು ಬೆಳಿಗ್ಗೆ ಮುಗಿದಿದೆ, ಮೂವತ್ತಾರು ಕಂತು. ಕಾರ್ಡನ್ನೂ ಕತ್ತರಿಸಲಾಗಿದೆ. ಉಳಿದಿರುವುದು ಒಂದೇ ಕ್ರಮ.

ಇದನ್ನು ಓದಿಲ್ಲವೆಂದು ಯಾರೂ ಹೇಳುವಂತಿಲ್ಲ, ಅರ್ಥವಾಗಲಿಲ್ಲವೆಂದು ಹೇಳಬಹುದು.

ಸಹಿ/-
ಅಧೀಕ್ಷಕರು (ಹಾಗೂ ಅರ್ಜಿದಾರರು)
ಸಹಾಯಧನ ಮತ್ತು ಇತರೆ ಶಾಖೆ

ಪ್ರತಿಗಳು:
1. ಪಕ್ಕದ ದಂತವೈದ್ಯರಿಗೆ: ಯಾರದೇ ಬಾಯಿ ತೆರೆಸುವ ಮುನ್ನ ಟೋಕನ್ ಪರಿಶೀಲಿಸುವ ಕೋರಿಕೆಯೊಂದಿಗೆ.
2. ದಾಖಲೆ ಕೊಠಡಿಯಲ್ಲಿರುವ ಅಳಿಯನವರಿಗೆ: ಓದಿ ಹೊತ್ತು ಕಳೆಯುವ ಸಲುವಾಗಿ.
3. ಖಜಾನೆಗೆ: ಈ ಪ್ರತಿ ಕಳಿಸಿಯೇ ಇಲ್ಲವೆಂದು ಭಾವಿಸತಕ್ಕದ್ದು.
4. ಮೂರನೇ ಕಿಟಕಿಗೆ: ಒಂದು ಲೋಟ ಕುಡಿಯುವ ನೀರಿನೊಂದಿಗೆ.
5. ಕೆಳಸಹಿದಾರರ ಪತ್ನಿಯವರಿಗೆ, ಜವಾನರ ಮೂಲಕ ಕೈಗೇ ತಲುಪುವಂತೆ: ಬಾಯಲ್ಲಿ ಹೇಳಲು ಧೈರ್ಯ ಸಾಲದೆ ಸುತ್ತೋಲೆ ಹೊರಡಿಸಿರುವುದನ್ನು ಮನ್ನಿಸುವುದು. ಬೈಗುಳವನ್ನು ಲಿಖಿತವಾಗಿ ಸಲ್ಲಿಸುವ ಅಗತ್ಯವಿಲ್ಲ. ಕೆಳಸಹಿದಾರರು ಇಂದು ಸಂಜೆ ಆರಕ್ಕೆ ಖುದ್ದಾಗಿ ಹಾಜರಾಗಲಿದ್ದಾರೆ.