ಪ್ರದರ್ಶನಕ್ಕಿಟ್ಟ ಅಪ್ಪ

ಶಾಲೆಯ ಪ್ರವಾಸದಲ್ಲಿ ಮಕ್ಕಳ ಹಿಂದೆ ಸುಮ್ಮನೆ ನಡೆದುಕೊಂಡು ಹೋಗುವುದು ಒಂದು ಕೆಲಸವೇ? ನಾನು ಔಷಧಿ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಮ್ಯಾನೇಜರ್. ರಾಶಿ ರಾಶಿ ಮಾತ್ರೆಗಳ ಮೇಲೆ ಕಣ್ಣಿಡುವವನಿಗೆ ಐದನೇ ಕ್ಲಾಸಿನ ಮಕ್ಕಳು ಯಾವ ಲೆಕ್ಕ! ಹೀಗೆಂದುಕೊಂಡೇ ನಾನು ಒಪ್ಪಿಕೊಂಡದ್ದು.

ನಾವಿರುವ ನೈರೋಬಿಗೆ ಆಗ ಹೊಸ ರೈಲುದಾರಿ ಹಾಕುತ್ತಿದ್ದರು. ಅದನ್ನು ನೋಡಿ ಮಗಳ ಶಾಲೆಯವರಿಗೆ ಹಳೆಯ ರೈಲಿನ ನೆನಪಾಗಿ, ಊರಾಚೆ ಇರುವ ‘ಹಳೇ ಕಾಲದ ಊರಿ’ಗೆ ಮಕ್ಕಳನ್ನು ಕರೆದೊಯ್ಯುವುದೆಂದು ತೀರ್ಮಾನಿಸಿದ್ದರು. ನೂರು ವರ್ಷದ ಹಿಂದೆ ರೈಲು ಬಂದಾಗ ಇಲ್ಲಿ ಊರು ಹೇಗಿತ್ತೋ ಹಾಗೇ ಅಲ್ಲಿ ಮತ್ತೆ ಕಟ್ಟಿದ್ದಾರೆ. ತಗಡಿನ ಸ್ಟೇಷನ್ನು, ಹುಲ್ಲಿನ ಗುಡಿಸಲುಗಳು, ಬಿಳಿಯನೊಬ್ಬನ ಮರದ ಮನೆ, ಕಮ್ಮಾರನ ಕುಲುಮೆ, ಇಂಡಿಯಾದವನೊಬ್ಬನ ದಿನಸಿ ಅಂಗಡಿ. ಎಲ್ಲ ಕಡೆ ಆ ಕಾಲದ ಬಟ್ಟೆ ತೊಟ್ಟವರು ಆ ಕಾಲದವರಂತೆಯೇ ಮಾತಾಡುತ್ತ ಕೆಲಸ ಮಾಡುತ್ತಿರುತ್ತಾರೆ.

ನಾನು ಜೊತೆಗೆ ಬರುವುದು ಮಗಳು ಧೃತಿಗೆ ಸುತರಾಂ ಇಷ್ಟವಿರಲಿಲ್ಲ.

"ಅಮ್ಮ, ವೈ ಕಾಂಟ್ ಯು ಕಮ್?" ಎಂದು ಅವಳು ಗೋಳಾಡಿದಳು.

"ನಂಗೆ ಆಫೀಸಲ್ಲಿ ಆಡಿಟ್ ಇದೆ ಕಣೇ," ಅಂದಳು ನನ್ನ ಹೆಂಡತಿ ಸುಮಾ. "ಅಪ್ಪ ನಿನ್ ಸ್ಕೂಲಿಗೆ ಒಂದ್ಸಲನಾದ್ರೂ ಬರ್ಲಿ. ಪಾಪ."

ಆ ‘ಪಾಪ’ ನನಗೆ ಚುಚ್ಚಿತು. ಆದರೆ ಮಾತು ನಿಜ. ಕಾರ್ಖಾನೆಯ ಗದ್ದಲದಲ್ಲಿ ನಾನು ಅವಳ ಶಾಲೆಯ ಒಂದು ಕಾರ್ಯಕ್ರಮಕ್ಕೂ ಹೋಗಿರಲಿಲ್ಲ. ಮುಂದಿನ ತಿಂಗಳು ಸ್ಪೋರ್ಟ್ಸ್ ಡೇ ಇತ್ತು. ಅದಕ್ಕಾದರೂ ಹೋಗಬೇಕು, ಅವಳು ಓಡುವುದನ್ನು ನೋಡಬೇಕು ಎಂದು ನನಗೆ ಬಹಳ ಆಸೆ.

"ಈ ಟ್ರಿಪ್ಪಲ್ಲಿ ನಾನು ನೆಟ್ಟಗಿದ್ರೆ ಸ್ಪೋರ್ಟ್ಸ್ ಡೇಗೂ ಬರ್ಲಾ ಪುಟ್ಟಿ?" ಎಂದು ಕೇಳಿದೆ.

ಅವಳು ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟಳು. "ಓಕೆ. ಬಟ್ ನೋ ಜೋಕ್ಸ್. ನೋ ಟಾಕಿಂಗ್ ಟು ಮೈ ಫ್ರೆಂಡ್ಸ್. ಅಂಡ್ ಅಪ್ಪ, ಪ್ಲೀಸ್, ಡೋಂಟ್ ಕರೆಕ್ಟ್ ಎನಿಬಡಿ."

ಯಾರನ್ನೂ ತಿದ್ದಬಾರದಂತೆ! ಸುಮಾ ಒಳಗೆ ಹೋಗಿ ನಕ್ಕಿದ್ದು ನನಗೆ ಕೇಳಿಸಿತು.

ಪ್ರವಾಸದ ದಿನ ನಾನು ಅಕ್ಷರಶಃ ಗೊಂಬೆಯಾಗಿದ್ದೆ. ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿದೆ. ಕ್ಲಾಸ್ ಟೀಚರ್ ಮಿಸ್ ವಾಂಬುಯಿ, "ಮಿಸ್ಟರ್ ನಾಗರಾಜ್, ನೀವು ಸಾಲಿನ ಕೊನೆಗಿರಿ," ಅಂದರು. ಇದ್ದೆ. ಕಮ್ಮಾರ ತಿದಿ ಒತ್ತುವ ರೀತಿ ನನಗೆ ಸರಿ ಕಾಣಲಿಲ್ಲ, ಆದರೂ ತುಟಿ ಬಿಚ್ಚಲಿಲ್ಲ. ಮಗಳು ತಿರುಗಿ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದಳು. ಸ್ಪೋರ್ಟ್ಸ್ ಡೇ ನನ್ನ ಕಿಸೆಯಲ್ಲಿತ್ತು.

ಆಮೇಲೆ ಬಂತು ಆ ದಿನಸಿ ಅಂಗಡಿ.

ಒಳಗೆ ಲಾಂದ್ರದ ಮಂದ ಬೆಳಕು. ಮೂಟೆಗಳು, ಡಬ್ಬಗಳು, ತಕ್ಕಡಿ. ಅಂಗಡಿಯವನ ವೇಷ ಹಾಕುವವನು ಎಲ್ಲೋ ಚಹಾ ಕುಡಿಯಲು ಹೋಗಿದ್ದ. ಅವನ ಕಪ್ಪು ಕೋಟು, ದುಂಡು ಟೋಪಿ ಮೊಳೆಗೆ ನೇತಾಡುತ್ತಿದ್ದವು. ಮಕ್ಕಳು ಒಂದು ಸುತ್ತು ನೋಡಿ ಮುಂದಿನ ಗುಡಿಸಲಿಗೆ ಹೋದರು. ನಾನೂ ಹೋಗಬೇಕಿತ್ತು. ಆದರೆ ಕೌಂಟರಿನ ಮೇಲಿನ ಪೊಟ್ಟಣಗಳು ಕಣ್ಣಿಗೆ ಬಿದ್ದವು.

ಅವುಗಳಿಗೆ ರಿಬ್ಬನ್ ಕಟ್ಟಿದ್ದರು!

ನಾನು ಬೇಸಿಗೆ ರಜೆಗಳನ್ನೆಲ್ಲ ಕಳೆದದ್ದು ತಿಪಟೂರಿನಲ್ಲಿ, ನಮ್ಮ ಸೋದರಮಾವನ ದಿನಸಿ ಅಂಗಡಿಯಲ್ಲಿ. ಕಾಗದ ಸುತ್ತಿ, ತುದಿ ತಿರುಚಿ, ಬೇಳೆ ತುಂಬಿ, ಬಾಯಿ ಮಡಚಿ, ಮೇಲಿನಿಂದ ಇಳಿಬಿಟ್ಟ ಉಂಡೆಯಿಂದ ದಾರ ಎಳೆದು, ಸುತ್ತಿ, ಫಟ್ಟೆಂದು ಕಿತ್ತರೆ ಅದು ಪೊಟ್ಟಣ. ಹುಟ್ಟುಹಬ್ಬದ ಉಡುಗೊರೆಯಂತೆ ಗುಲಾಬಿ ರಿಬ್ಬನ್ ಕಟ್ಟಿದರೆ ಅದು ಇತಿಹಾಸಕ್ಕೆ ಮಾಡಿದ ದ್ರೋಹ. ಸುತ್ತ ಯಾರೂ ಇರಲಿಲ್ಲ. ವ್ಯಕ್ತಿಯನ್ನು ತಿದ್ದಬಾರದೆಂದು ಕರಾರಿತ್ತೇ ಹೊರತು ಪೊಟ್ಟಣವನ್ನಲ್ಲ. ಕೌಂಟರಿನ ಹಿಂದಕ್ಕೆ ಹೋದೆ.

ಒಂದೇ ಒಂದು ಮಾದರಿ ಪೊಟ್ಟಣ ಕಟ್ಟಿಟ್ಟು ಬರುವುದು ನನ್ನ ಉದ್ದೇಶವಾಗಿತ್ತು. ಆದರೆ ಅದು ಜುಲೈ ತಿಂಗಳು. ನೈರೋಬಿಯ ಜುಲೈ ಚಳಿ ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಸ್ವೆಟರ್ ತಗೊಂಡು ಹೋಗಿ ಎಂದು ಸುಮಾ ಹೇಳಿದ್ದಳು, ನಾನು ತಂದಿರಲಿಲ್ಲ. ಆದ್ದರಿಂದ ಎರಡು ನಿಮಿಷದ ಮಟ್ಟಿಗೆ ಆ ಕೋಟು ಹಾಕಿಕೊಂಡೆ. ಕೋಟು ಹಾಕಿದ ಮೇಲೆ ಬೋಳುತಲೆ ಒಂದು ಥರ ಕಾಣುತ್ತಿತ್ತು. ಟೋಪಿಯನ್ನೂ ಇಟ್ಟುಕೊಂಡೆ.

ಆಗ ಒಳಗೆ ಬಂದರು, ಕ್ಯಾಮೆರಾ ತೂಗುಹಾಕಿಕೊಂಡ ವಯಸ್ಸಾದ ಬಿಳಿ ಪ್ರವಾಸಿಗರು, ಒಂದು ದಂಡು!

"ಆಹಾ, ಅಂಗಡಿಯವರು!" ಎಂದರು ಒಬ್ಬ ಅಜ್ಜಿ.

"ಅಲ್ಲ ಮೇಡಂ, ನಾನು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ಮ್ಯಾನೇಜರ್. ಇಲ್ಲೇ ಸೌತ್ ಬಿ ಬಡಾವಣೆಯಲ್ಲಿ ನನ್ನ ಮನೆ," ಎಂದು ಸತ್ಯವನ್ನೇ ಹೇಳಿದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ಹಾಸ್ಯಪ್ರಜ್ಞೆ ಎಂದರು.

ಅಷ್ಟರಲ್ಲಿ ಸ್ಟೇಷನ್ ಮಾಸ್ಟರ್ ವೇಷದ ಗೈಡು ಒಟಿಯೆನೊ ಬಂದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅವನ ಮುಖ ಅರಳಿತು. "ಹೊಸಬರು ನೀವೇ ಏನು? ಸೋಮವಾರ ಬರ್ತಾರೆ ಅಂದಿದ್ರು!" ಎಂದು ಕಿವಿಯಲ್ಲಿ ಹೇಳಿದ. "ವೇಷ ಚೆನ್ನಾಗಿದೆ. ಹೊಟ್ಟೆಗೆ ದಿಂಬು ಕಟ್ಟಿದ್ದೀರಲ್ಲ, ಅದು ಬಹಳ ಚೆನ್ನಾಗಿದೆ."

ದಿಂಬು ಕಟ್ಟಿರಲಿಲ್ಲ. ಅದನ್ನು ಹೇಳುವ ಮನಸ್ಸಾಗಲಿಲ್ಲ.

ಆ ಕ್ಷಣ ಟೋಪಿ ತೆಗೆದು ಹೊರಟುಬಿಡಬೇಕಿತ್ತು. ಆದರೆ ಅಜ್ಜಿ ಕೇಳಿದರು, "ಇಲ್ಲಿ ಸಿಂಹಗಳು ಬರ್ತಿದ್ವಾ?" ಅಷ್ಟೂ ಮುಖಗಳು ನನ್ನ ಉತ್ತರಕ್ಕೆ ಕಾದಿದ್ದವು. ಕಾರ್ಖಾನೆಯ ಮೀಟಿಂಗುಗಳಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಫೋನು ತೆರೆಯುತ್ತಾರೆ. ಇಲ್ಲಿ ನನ್ನ ಮಾತಿಗಾಗಿ ಉಸಿರು ಹಿಡಿದು ನಿಂತಿದ್ದರು. ನಿಜ ಹೇಳುತ್ತೇನೆ, ನನಗೆ ವಿಪರೀತ ಖುಷಿಯಾಯಿತು.

"ಬರ್ತಿದ್ವಾ ಅಂದ್ರೆ? ಸಾಲ ಕೇಳೋಕೆ ಬರ್ತಿದ್ವು!" ಅಂದೆ.

ಅಲ್ಲಿಂದ ಮುಂದೆ ನನ್ನ ನಾಲಿಗೆಗೆ ಲಗಾಮಿರಲಿಲ್ಲ. ಮೊಂಬಾಸಾದಿಂದ ತಲೆಯ ಮೇಲೆ ತಕ್ಕಡಿ ಹೊತ್ತು ನಡೆದು ಬಂದೆ. ದಾರಿಯಲ್ಲಿ ಸಿಂಹವೊಂದನ್ನು ಬೆಲ್ಲದ ಅಚ್ಚಿನಿಂದ ಹೊಡೆದೆ. ಅದು ಬೆಲ್ಲದ ರುಚಿ ಹತ್ತಿ ಇಲ್ಲಿಯವರೆಗೂ ಹಿಂದೆಯೇ ಬಂತು. ಮಾತಿನ ಭರದಲ್ಲಿ ಎಲ್ಲರಿಗೂ ತೊಗರಿಬೇಳೆ ಪೊಟ್ಟಣ ಕಟ್ಟಿ ಹಂಚತೊಡಗಿದೆ. ಮೂಟೆಯಲ್ಲಿ ನಾಲ್ಕು ಬೆರಳು ಬೇಳೆ ಮುಗಿದ ಮೇಲೆ ಕೈಗೆ ಒಣಹುಲ್ಲು ಬಂತು. ಅದು ಮಾರುವ ಬೇಳೆಯಲ್ಲ, ಪ್ರದರ್ಶನದ ಬೇಳೆ. ಬಾಗಿಲಲ್ಲಿ ನಿಂತಿದ್ದ ಒಟಿಯೆನೊನ ನಗು ಸ್ವಲ್ಪ ಕುಗ್ಗಿತು. ಬೇಳೆ ಸಿಗದ ಕೊನೆಯ ಇಬ್ಬರಿಗೆ ಹುಲ್ಲನ್ನೇ ಕಟ್ಟಿಕೊಟ್ಟೆ. ಅವರು ಅಸಾಂಟೆ, ಅಂದರೆ ಧನ್ಯವಾದ, ಎಂದು ಕಣ್ಣಿಗೊತ್ತಿಕೊಳ್ಳುವಷ್ಟು ವಿನಯದಿಂದ ತೆಗೆದುಕೊಂಡರು.

ಆಗ ಹೊರಗೆ ಧೃತಿಯ ಧ್ವನಿ ಕೇಳಿಸಿತು.

ಮರ್ಯಾದಸ್ಥರು ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಕೌಂಟರಿನ ಕೆಳಗೆ ಕೂತುಬಿಟ್ಟೆ. ಪ್ರವಾಸಿಗರು ಸಿಂಹ ಬಂತೆಂದು ತಿಳಿದು ಚಪ್ಪಾಳೆ ತಟ್ಟಿದರು.

ಹಲಗೆಯ ಸಂದಿನಿಂದ ನೋಡಿದೆ. ಬಾಗಿಲ ಹೊರಗೆ ಧೃತಿ, ಮಿಸ್ ವಾಂಬುಯಿ, ಮತ್ತು ಗೇಟಿನ ಅಸ್ಕಾರಿ, ಅಂದರೆ ಕಾವಲಿನವನು. ಮಕ್ಕಳೆಲ್ಲ ಬಸ್ಸು ಹತ್ತಿ ಕೂತಾಗಿತ್ತಂತೆ. ಜೊತೆಗೆ ಬಂದ ದೊಡ್ಡವರಲ್ಲಿ ಒಬ್ಬರು ಕಾಣೆಯಾಗಿದ್ದರು.

"ನಿಮ್ಮ ತಂದೆ ನೋಡೋಕೆ ಹೇಗಿದ್ದಾರೆ?" ಎಂದು ಅಸ್ಕಾರಿ ಕೇಳಿದ.

"ಶಾರ್ಟ್," ಅಂದಳು ನನ್ನ ಮಗಳು. "ಬಿಗ್ ಟಮ್ಮಿ. ನೋ ಹೇರ್ ಆನ್ ಟಾಪ್."

"ಇನ್ನೇನಾದರೂ ಗುರುತು?"

"ಹಿ ಕೀಪ್ಸ್ ಟೆಲಿಂಗ್ ಪೀಪಲ್, ಯು ಆರ್ ಡೂಯಿಂಗ್ ಇಟ್ ರಾಂಗ್."

ಅಸ್ಕಾರಿ ಗಂಭೀರವಾಗಿ ತಲೆಯಾಡಿಸಿದ. ಇಷ್ಟು ನಿಖರವಾದ ವಿವರಣೆ ಅವನಿಗೆ ಯಾರೂ ಕೊಟ್ಟಿರಲಿಕ್ಕಿಲ್ಲ. ನನಗೆ ಸಿಟ್ಟು ಬರಬೇಕು, ಅಷ್ಟರಲ್ಲಿ ಅವಳು ಅಳುದನಿಯಲ್ಲಿ ಮುಂದುವರಿಸಿದಳು.

"ಹಿ ಡಸಂಟ್ ನೋ ದಿ ವೇ," ಅಂದಳು. "ಗೊತ್ತು ಅಂತಾರೆ, ಬಟ್ ಗೊತ್ತಿಲ್ಲ. ಅಪ್ಪನ ಲಂಚ್ ನನ್ನ ಬ್ಯಾಗಲ್ಲಿದೆ. ಅಪ್ಪ ಏನೂ ತಿಂದಿಲ್ಲ." ಕಣ್ಣೊರೆಸಿಕೊಂಡಳು. ನಮ್ಮ ಹುಡುಗಿ ಹೊರಗಿನವರೆದುರು ಇಷ್ಟು ಕನ್ನಡ ಆಡಿದ್ದನ್ನು ನಾನು ಕೇಳಿರಲೇ ಇಲ್ಲ. ಆ ಕನ್ನಡ ಅಸ್ಕಾರಿಗೆ ಅರ್ಥವಾಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು.

ಕೌಂಟರಿನ ಹಿಂದಿನಿಂದ ಎದ್ದು ನಿಂತೆ. ಟೋಪಿ ತೆಗೆದೆ.

"ಪುಟ್ಟಿ."

ಅವಳು ನನ್ನನ್ನು ನೋಡಿದಳು. ಕೋಟು ನೋಡಿದಳು. ಕೈಯಲ್ಲಿದ್ದ ಹುಲ್ಲು ನೋಡಿದಳು. "ದಟ್ಸ್ ಹಿಮ್," ಅಂದಳು.

"ಇಲ್ಲ, ಇಲ್ಲ," ಎಂದ ಒಟಿಯೆನೊ. "ಈ ಯಜಮಾನರು ನಮ್ಮವರು. ಇಲ್ಲೇ ಕೆಲಸಕ್ಕಿರೋರು."

"ನೀವು ಹುಡುಕುವವರು ಈ ಕಾಲದವರು ಅಲ್ವಾ?" ಎಂದು ಅಸ್ಕಾರಿಯೂ ಅನುಮಾನದಿಂದ ಕೇಳಿದ.

ನಾನು ಹೇಳಿದೆ, "ನಾನು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ..." ಪ್ರವಾಸಿಗರು ಮತ್ತೆ ಬಿದ್ದು ಬಿದ್ದು ನಕ್ಕರು.

ಆಗ ನನ್ನ ಮಗಳು ಕೌಂಟರಿನ ತನಕ ನಡೆದು ಬಂದು, ಕೋಟಿನ ತೋಳು ಹಿಡಿದು, ಅಷ್ಟೂ ಜನರ ಮುಂದೆ ಹೇಳಿದಳು: "ಹಿ ಈಸ್ ನಾಟ್ ಯುವರ್ಸ್. ಹಿ ಈಸ್ ಮೈನ್!"

ಅಜ್ಜಿ ಕಣ್ಣೀರು ಒರೆಸಿಕೊಂಡರು. ಹಿಂದಿನವರು ಚಪ್ಪಾಳೆ ತಟ್ಟಿದರು. ಇಂಥ ನಾಟಕವನ್ನು ತಾವು ಎಲ್ಲೂ ನೋಡಿಲ್ಲವೆಂದು ಒಬ್ಬರು ಒಟಿಯೆನೊನ ಕೈ ಕುಲುಕಿದರು. ನಾನು ಕೋಟು ಬಿಚ್ಚಿ ಮೊಳೆಗೆ ಹಾಕಿ, ಬೇಳೆಯ ವಿಷಯಕ್ಕೆ ಒಟಿಯೆನೊನ ಕ್ಷಮೆ ಕೇಳಿದೆ. ಅವನು ನನ್ನ ಹೊಟ್ಟೆಯನ್ನೇ ನೋಡುತ್ತ ನಿಂತಿದ್ದ. ದಿಂಬು ಮಾತ್ರ ಎಲ್ಲೂ ಕಾಣಲಿಲ್ಲ.

ಬಸ್ಸಿನವರೆಗೆ ಧೃತಿ ನನ್ನ ಕೈ ಬಿಡಲಿಲ್ಲ. ಕಿಟಕಿಗಳ ತುಂಬ ಅವಳ ಗೆಳತಿಯರ ಮುಖಗಳಿದ್ದವು. ಎಲ್ಲರೂ ನೋಡುತ್ತಿದ್ದರು, ಆದರೂ ಅವಳು ಬಿಗಿಯಾಗಿ ಹಿಡಿದೇ ನಡೆದಳು. ನನ್ನ ಎದೆ ಉಬ್ಬಿತು. ಸ್ಪೋರ್ಟ್ಸ್ ಡೇ ಹೋದರೆ ಹೋಗಲಿ, ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು.

"ಪರವಾಗಿಲ್ಲ ಪುಟ್ಟಿ," ಅಂದೆ ಮೆತ್ತಗೆ. "ಫ್ರೆಂಡ್ಸ್ ನೋಡ್ತಿದ್ದಾರೆ. ಕೈ ಬಿಡು."

"ಐ ಕಾಂಟ್," ಅಂದಳು ಮಗಳು. "ನೀನು ಸೀಟಲ್ಲಿ ಕೂರೋವರೆಗೂ ಬಿಡಬಾರ್ದು ಅಂತ ಮಿಸ್ ಹೇಳಿದ್ದಾರೆ."